ಲಾಡ್ಜಿನಿಂದ ಬಂದ ತಿಗಣೆ

ಆ ಮನೆಯಲ್ಲಿ ಹುಳ ಮೊದಲು ಕಚ್ಚಿದ್ದು ಅತ್ತಿಗೆಗೆ. ಹಾಗಂತ ಅತ್ತಿಗೆಯೇ ಎಲ್ಲರ ಹತ್ತಿರ ಹೇಳಿಕೊಂಡು ಬಂದಳು. ನಿಜ ನೋಡಿದರೆ ಅದಕ್ಕೂ ಎಷ್ಟೋ ದಿನ ಮುಂಚೆಯೇ ಪುಟ್ಟಿಯ ಕತ್ತು, ಮುಂಗೈ, ಸೊಂಟದ ಸುತ್ತ ಸಣ್ಣ ಸಣ್ಣ ಕೆಂಪು ಗುಳ್ಳೆಗಳು ಎದ್ದಿದ್ದವು. ಪುಟ್ಟಿ ತುರಿಸಿಕೊಂಡು ಸುಮ್ಮನಿದ್ದಳು. ಅವಳಿಗೆ ಕಚ್ಚಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅತ್ತಿಗೆಯ ಬೆನ್ನ ಮೇಲೆ ಗುಳ್ಳೆ ಎದ್ದ ದಿನ ಮಾತ್ರ ಮನೆಗೆ ಏನೋ ಹೊಕ್ಕಿದೆ ಎಂದು ತೀರ್ಮಾನವಾಯಿತು.

ಪುಟ್ಟಿ ಎಂದರೆ ಚಿಕ್ಕ ಹುಡುಗಿಯಲ್ಲ, ನಲವತ್ತು ದಾಟಿದ ಹೆಂಗಸು. ಮನೆಯ ಕೊನೆಯ ಮಗು ಎಂದು ಮುದ್ದಿಗೆ ಕರೆದ ಹೆಸರು. ಮುದ್ದು ಹೋಗಿ ಹೆಸರು ಮಾತ್ರ ಉಳಿದುಕೊಂಡಿತ್ತು. ಗಂಡನ ಮನೆಯಲ್ಲಿ ಬಾಳು ಸರಿಬರದೆ ತವರಿಗೆ ಮರಳಿದವಳು ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಹಾಸಿಗೆ ಹಾಸುವ ಕೆಲಸಕ್ಕೆ ಸೇರಿ, ಈಗ ಒಂದು ಮಹಡಿಯನ್ನು ನೋಡಿಕೊಳ್ಳುವ ಮಟ್ಟಿಗೆ ಬಂದಿದ್ದಳು. ಮನೆಗೆ ತರಕಾರಿ, ಹಾಲು, ಗ್ಯಾಸು ಅವಳ ಪಾಲಿನದು. ಆದರೂ ಇದ್ದದ್ದು ಬಾಲ್ಕನಿಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ. ಅದೂ ‘ಸದ್ಯಕ್ಕೆ’ ಕೊಟ್ಟದ್ದು. ಅಣ್ಣನ ಮಗಳು ಮರಿ ಕಾಲೇಜು ಸೇರಿದ ಮೇಲೆ ಆ ‘ಸದ್ಯಕ್ಕೆ’ ಎಂಬ ಮಾತು ವಾರಕ್ಕೊಮ್ಮೆಯಾದರೂ ಊಟದ ಹೊತ್ತಿಗೆ ಬರುತ್ತಿತ್ತು.

ಅವತ್ತು ಬೆಳಗ್ಗೆ ಚಹಾ ಕುಡಿಯುವಾಗ ಅತ್ತಿಗೆ ಬೆನ್ನು ತಿರುಗಿಸಿ ಎಲ್ಲರಿಗೂ ಗುಳ್ಳೆ ತೋರಿಸಿದಳು.

“ಸೊಳ್ಳೆ ಇರ್ಬೇಕು,” ಎಂದಳು ಅಮ್ಮ, ಲೋಟಗಳಿಗೆ ಚಹಾ ಬಗ್ಗಿಸುತ್ತ.

“ಬಟ್ಟೆ ಒಳಗೆ ನುಗ್ಗಿ ಕಚ್ಚೋ ಸೊಳ್ಳೆ ಎಲ್ಲಾದ್ರೂ ಇದ್ಯಾ ಅತ್ತೆ?”

“ಹಂಗಾದ್ರೆ ಇರುವೆ.”

“ಇರುವೆ ಕಚ್ಚಿದ್ರೆ ಆಗ್ಲೇ ಚುರ್ ಅನ್ನುತ್ತೆ. ಇದು ಆಮೇಲೆ ತುರಿಸೋಕೆ ಶುರುವಾಗೋದು. ತಿಗಣೆನೇ ಇದು.”

ತಿಗಣೆ ಎಂಬ ಮಾತು ಬಾಯಿಂದ ಬಿದ್ದದ್ದೇ ತಡ, ಎಲ್ಲರ ಕಣ್ಣೂ ಪುಟ್ಟಿಯ ಕಡೆ ಹೊರಳಿತು. ಟೈರ್ ಅಂಗಡಿಯಲ್ಲಿ ಮಾರಾಟದ ಕೆಲಸ ಮಾಡುತ್ತಿದ್ದ ಅಣ್ಣ ಆಗಲೇ ಫೋನಿನಲ್ಲಿ ಹುಡುಕಿ ಗಟ್ಟಿಯಾಗಿ ಓದತೊಡಗಿದ: “ನೋಡಿ ಇಲ್ಲಿ. ತಿಗಣೆ ತಾನಾಗಿ ಹುಟ್ಟಲ್ವಂತೆ. ಹೋಟೆಲು, ಲಾಡ್ಜು, ಬಸ್ಸು, ಇಂಥ ಕಡೆಯಿಂದ ಬ್ಯಾಗಲ್ಲೋ ಬಟ್ಟೆಯಲ್ಲೋ ಸೇರ್ಕೊಂಡು ಮನೆಗೆ ಬರುತ್ತಂತೆ.”

“ಏನೋ ನಿನ್ನ ಮಾತಿನ ಅರ್ಥ?” ಎಂದಳು ಪುಟ್ಟಿ.

“ಅರ್ಥ ಏನು? ಬರ್ದಿದ್ದನ್ನ ಓದ್ದೆ. ನಾನು ಯಾರನ್ನಾದ್ರೂ ಅಂದ್ನಾ?”

“ನನ್ನ ಮಹಡೀಲಿ ತಿಗಣೆ ಇಲ್ಲ. ದಿನಾ ಹಾಸಿಗೆ ಮಗುಚಿ ಹೊಲಿಗೆ ಹೊಲಿಗೆ ಬಿಡಿಸಿ ನೋಡೋಳು ನಾನು.”

“ಇದ್ರೂ ಇದೆ ಅಂತ ಹೇಳ್ತೀಯಾ ನೀನು?” ಎಂದಳು ಅತ್ತಿಗೆ.

ಪುಟ್ಟಿ ಚಹಾದ ಲೋಟ ಕೆಳಗಿಟ್ಟು ಎದ್ದಳು. ತನ್ನ ಮಂಚ, ಅಣ್ಣನ ಮಂಚ, ಹಾಲಿನಲ್ಲಿ ಅಪ್ಪ ಅಮ್ಮ ಮಲಗುವ ಚಾಪೆ, ದಿಂಬು ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡಿದಳು. ಮಂಚದ ಸಂದುಗಳಲ್ಲಿ ಹಳೆಯ ಕಾರ್ಡು ತೂರಿಸಿ ಕೆರೆದಳು. ತಿಗಣೆ ಇದ್ದರೆ ಹಾಸಿಗೆಯ ಅಂಚಿನಲ್ಲಿ ಕಪ್ಪು ಚುಕ್ಕೆ ಇರಬೇಕು, ಕಳಚಿದ ಪೊರೆ ಇರಬೇಕು, ಹೊದಿಕೆಯ ಮೇಲೆ ರಕ್ತದ ಕಲೆಯಾದರೂ ಇರಬೇಕು. ಒಂದೂ ಇರಲಿಲ್ಲ.

“ಇದು ತಿಗಣೆ ಅಲ್ಲ ಅತ್ತಿಗೆ. ಬೇರೆ ಏನೋ.”

“ಏನು ಹಾಗಾದ್ರೆ?”

ಪುಟ್ಟಿಗೆ ಅದು ಗೊತ್ತಿರಲಿಲ್ಲ. ಅತ್ತಿಗೆ ಗಂಡನ ಕಡೆ ತಿರುಗಿ, “ಕಳ್ಳನನ್ನೇ ಕಾವಲಿಗೆ ಇಟ್ಟಂಗಾಯ್ತು,” ಎಂದು ಲೋಟಗಳನ್ನು ಸದ್ದು ಮಾಡುತ್ತ ಎತ್ತಿಕೊಂಡು ಹೋದಳು.

ಅವತ್ತಿನಿಂದ ಹೊಸ ಕಾನೂನುಗಳು ಜಾರಿಗೆ ಬಂದವು. ಪುಟ್ಟಿ ಕೆಲಸದಿಂದ ಬಂದರೆ ಬ್ಯಾಗು ಮೆಟ್ಟಿಲ ಹತ್ತಿರವೇ ಇಡಬೇಕು. ನೇರ ಬಚ್ಚಲಿಗೆ ಹೋಗಿ ಬಟ್ಟೆ ಬದಲಿಸಬೇಕು. ಬಿಚ್ಚಿದ ಬಟ್ಟೆ ಬೇರೆ ಬಕೆಟ್ಟಿನಲ್ಲಿ, ಕುದಿಯುವ ನೀರಿನಲ್ಲಿ. ಹಾಲಿನ ಸೋಫಾದ ಮೇಲೆ ಕೂರುವಂತಿಲ್ಲ. ಅವಳು ಇದೆಲ್ಲವನ್ನೂ ಹಲ್ಲು ಕಚ್ಚಿ ಮಾಡಿದಳು. ಒಂದು ಸಂಜೆ ಊಟಕ್ಕೆ ಕೂತಾಗ ತನ್ನ ತಟ್ಟೆ, ಲೋಟ ಬೇರೆಯಾಗಿ ಕಿಟಕಿಯ ಕಟ್ಟೆಯ ಮೇಲೆ ಕವುಚಿ ಇಟ್ಟಿದ್ದನ್ನು ಕಂಡಳು.

“ಇದ್ಯಾಕೆ ಅತ್ತಿಗೆ?”

“ಸ್ವಲ್ಪ ದಿನ ಇರ್ಲಿ ಅಂತ.”

“ತಿಗಣೆ ತಟ್ಟೆಗೂ ಹತ್ತುತ್ತಾ? ಅನ್ನ ತಿನ್ನುತ್ತಾ ಅದು?”

“ನೋಡ್ರೀ, ಹೇಗೆ ಮಾತಾಡ್ತಾಳೆ ನಿಮ್ಮ ತಂಗಿ. ಮನೆ ಶುಚಿಯಾಗಿರ್ಲಿ ಅಂದ್ರೆ ನಾನೇ ಕೆಟ್ಟೋಳು.”

ಅಣ್ಣ ತಲೆ ಎತ್ತದೆ ಊಟ ಮಾಡಿದ. ಅಪ್ಪ ಹಿಂದೆ ಬಸ್ ಕಂಡಕ್ಟರ್ ಆಗಿದ್ದವರು. ಮಂಡಿ ನೋವಿನಿಂದ ಮನೆ ಹಿಡಿದ ಮೇಲೆ ಯಾವ ಜಗಳಕ್ಕೂ ಬಾಯಿ ಹಾಕುತ್ತಿರಲಿಲ್ಲ. ತಟ್ಟೆಯಲ್ಲಿ ಮಿಕ್ಕ ಅನ್ನವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಬೆಳಗ್ಗೆ ಕಾಳಿನ ಜೊತೆ ಪಾರಿವಾಳಗಳಿಗೆ ಹಾಕಲೆಂದು ಬಾಲ್ಕನಿಯ ಕಡೆ ಕುಂಟುತ್ತ ನಡೆದರು. ಅಮ್ಮ ಪುಟ್ಟಿಯ ತಟ್ಟೆಯನ್ನು ತೊಳೆದು ಬಡಿಸಿದಳು. ಆದರೆ ‘ಇದು ತಪ್ಪು’ ಎಂಬ ಒಂದು ಮಾತು ಅವಳ ಬಾಯಿಂದ ಬರಲಿಲ್ಲ. ಪುಟ್ಟಿ ಅದಕ್ಕಾಗಿಯೇ ಕಾದಿದ್ದಳು.

ಅಣ್ಣ ಔಷಧಿ ಹೊಡೆಯುವವನೊಬ್ಬನನ್ನು ಕರೆತಂದ. ಅವನು ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಬಂದು, “ಎಲ್ಲಿ, ಏನು?” ಎಂದ. “ತಿಗಣೆ, ಆ ಕೋಣೇಲಿ,” ಎಂದ ಅಣ್ಣ. ಆಸಾಮಿ ಹಾಸಿಗೆ ಎತ್ತಲಿಲ್ಲ, ಕಿಟಕಿ ತೆರೆಯಲಿಲ್ಲ, ಮಂಚದ ಕೆಳಗೆ ಬಗ್ಗಿ ನೋಡಲಿಲ್ಲ. ಕೋಣೆಯ ತುಂಬ ಘಾಟು ಎಬ್ಬಿಸಿ, “ತಿಗಣೆನೇ, ಜಾಸ್ತಿ ಇದೆ. ಹಾಸಿಗೆ ಬಿಸಾಕಿಬಿಡಿ,” ಎಂದು ಹೋದ. ಪುಟ್ಟಿ ಕೆಲಸದಿಂದ ಬರುವಷ್ಟರಲ್ಲಿ ಅವಳ ಹಾಸಿಗೆ ಬೀದಿಯ ಕಸದ ತೊಟ್ಟಿಗೆ ಒರಗಿಕೊಂಡು ನಿಂತಿತ್ತು. ದಾರಿಹೋಕರೆಲ್ಲ ನೋಡುವ ಹಾಗೆ.

ಹುಳ ಮಾತ್ರ ಕಚ್ಚುತ್ತಲೇ ಇತ್ತು. ಅಷ್ಟೇ ಅಲ್ಲ, ಕೆಳಗಿನ ಮನೆಯಾಕೆಯ ಮೊಮ್ಮಗುವಿಗೂ ಕೈಕಾಲ ತುಂಬ ಗುಳ್ಳೆ ಎದ್ದವು. ಆಕೆ ಮೆಟ್ಟಿಲ ಮೇಲೆ ಅತ್ತಿಗೆಯನ್ನು ತಡೆದು ಕೇಳಿದಳು.

“ಅಯ್ಯೋ, ನಿಮ್ಮ ಹತ್ರ ಮುಚ್ಚುಮರೆ ಏನು,” ಎಂದಳು ಅತ್ತಿಗೆ. “ನಮ್ಮ ನಾದಿನಿ ಲಾಡ್ಜಲ್ಲಿ ಕೆಲಸ ಮಾಡ್ತಾಳಲ್ಲ, ಅಲ್ಲಿಂದ ತಂದಿದ್ದು. ಹೇಳಿದ್ರೆ ನಮ್ಮನ್ನೇ ತಿನ್ನೋಕೆ ಬರ್ತಾಳೆ. ನೀವೂ ಹಾಸಿಗೆ ಎಸೆದುಬಿಡಿ.”

ಕೆಳಗಿನ ಮನೆಯಾಕೆ ಹಾಸಿಗೆ ಎಸೆದಳು. ಮಗುವಿನ ದಿಂಬು, ಬಟ್ಟೆಯ ಗೊಂಬೆಯನ್ನೂ ಎಸೆದಳು. ಆಕೆಯ ಮಗ ಲಾಡ್ಜಿಗೆ ನೀರಿನ ಕ್ಯಾನು ಹಾಕುವವನು. ಅವನ ಬಾಯಿಂದ ಮಾತು ಮ್ಯಾನೇಜರ್ ಕಿವಿಗೆ ಬಿತ್ತು.

ಮ್ಯಾನೇಜರ್ ಪುಟ್ಟಿಯನ್ನು ಕರೆಸಿದ. ಕೂರು ಎನ್ನಲಿಲ್ಲ. ಎಂದಿಗಿಂತ ಒಂದು ಮಾರು ದೂರ ನಿಲ್ಲಿಸಿಯೇ ಮಾತಾಡಿದ.

“ನಿಮ್ಮ ಮನೇಲಿ ತಿಗಣೆ ಅಂತಲ್ಲಮ್ಮ.”

“ಇಲ್ಲ ಸಾರ್. ಅದು ತಿಗಣೆ ಅಲ್ಲ.”

“ನಿಮ್ಮ ಮನೆಯವ್ರೇ ಹೇಳ್ತಿದ್ದಾರಂತೆ. ನಾನು ಯಾರ ಮಾತು ನಂಬ್ಲಿ? ಗಿರಾಕಿಗಳಿಗೆ ಗೊತ್ತಾದ್ರೆ ಬಾಗಿಲು ಹಾಕ್ಬೇಕಾಗುತ್ತೆ. ನಾಳೆಯಿಂದ ಮೇಲೆ ಹತ್ಬೇಡಿ. ಬಟ್ಟೆ ಒಗೆಯೋ ಕಡೆ ಹೋಗಿ. ಅಲ್ಲಿ ಬಿಸಿನೀರು, ಇಸ್ತ್ರಿ. ಹುಳ ಇದ್ರೂ ಸಾಯುತ್ತೆ.”

ಮನೆಯಲ್ಲಿ ಲಾಡ್ಜಿನ ತಿಗಣೆ ತಂದವಳು. ಲಾಡ್ಜಿನಲ್ಲಿ ಮನೆಯ ತಿಗಣೆ ತಂದವಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಇಲ್ಲಿ ಒಂದೇ ಎಮ್ಮೆಗೆ ಎರಡು ಕಡೆಯಿಂದ ಬರೆ. ಪುಟ್ಟಿ ಬಟ್ಟೆ ಒಗೆಯುವ ನೆಲಮಾಳಿಗೆಗೆ ಇಳಿದಳು. ಅಲ್ಲಿ ಹಬೆ, ಸೋಪಿನ ನೀರು, ಒದ್ದೆ ಹೊದಿಕೆಗಳ ರಾಶಿ. ಒಂದು ವಾರಕ್ಕೇ ಅವಳ ಅಂಗೈಯ ಚರ್ಮ ಸುಲಿಯತೊಡಗಿತು.

ಅದನ್ನು ಮನೆಯಲ್ಲಿ ಹೇಳಿದಾಗ ಅಣ್ಣ ನಿಟ್ಟುಸಿರು ಬಿಟ್ಟ. “ಅವ್ರು ಸುಮ್‌ಸುಮ್ನೆ ಮಾಡ್ತಾರಾ ಪುಟ್ಟಿ? ನೀನು ಸ್ವಲ್ಪ ದಿನ ಬೇರೆ ಎಲ್ಲಾದ್ರೂ ಇರು. ಕಚ್ಚೋದು ನಿಂತ್ಮೇಲೆ ಬಾ. ಯಾರು ಬೇಡ ಅಂತಾರೆ?”

“ನಾನು ಹೋದ್ಮೇಲೂ ನಿಲ್ಲದಿದ್ರೆ?”

“ಆಗ ನೋಡೋಣ.”

ಪುಟ್ಟಿ ಅಮ್ಮನ ಮುಖ ನೋಡಿದಳು. ಅಮ್ಮ ಹುರುಳಿಕಾಯಿಯ ನಾರು ಬಿಡಿಸುತ್ತ, “ನಾಲ್ಕು ದಿನ ತಾನೇ ಮಗಳೇ,” ಎಂದಳು.

ಎಲ್ಲರೂ ದಿನವೂ ಅದನ್ನೇ ಹೇಳಿದರೆ ಎಂಥವಳಿಗೂ ತನ್ನ ಮೇಲೆಯೇ ಅನುಮಾನ ಬರುತ್ತದೆ. ಪುಟ್ಟಿಗೂ ಬಂತು. ನಾನೇ ಎಲ್ಲೋ ನೋಡದೆ ಬಿಟ್ಟೆನೋ ಏನೋ ಎಂದುಕೊಂಡಳು. ಮೈ ಉರಿಯುವಷ್ಟು ಬಿಸಿನೀರು ಸುರಿದುಕೊಂಡು, ಎರಡು ಬ್ಯಾಗು ಹಿಡಿದು, ಬಟ್ಟೆ ಒಗೆಯುವ ಕಡೆ ಕೆಲಸ ಮಾಡುತ್ತಿದ್ದ ಹಿರಿಯ ಹೆಂಗಸಿನ ಒಂಟಿ ಕೋಣೆಗೆ ಹೋದಳು. ಆಕೆಯನ್ನು ಲಾಡ್ಜಿನವರೆಲ್ಲ ದೊಡ್ಡಕ್ಕ ಎನ್ನುತ್ತಿದ್ದರು.

“ದೊಡ್ಡಕ್ಕ, ನನ್ನ ಮೈಮೇಲೆ ಹುಳ ಇದ್ರೂ ಇರಬಹುದು. ನಾನು ಬಾಗಿಲ ಹತ್ರ ಮಲಗ್ತೀನಿ. ನನ್ನ ಬ್ಯಾಗು ಮುಟ್ಬೇಡಿ.”

“ಹುಳ ಬಂದ್ರೆ ಬರ್ಲಿ, ನನ್ನಲ್ಲಿ ಹೀರೋಕೆ ಏನಿದೆ ಬಿಡೇ,” ಎಂದು ದೊಡ್ಡಕ್ಕ ನಕ್ಕಳು. ಪುಟ್ಟಿ ನಗಲಿಲ್ಲ. ಬಾಗಿಲ ಪಕ್ಕದ ತಣ್ಣನೆಯ ನೆಲದ ಮೇಲೆ ಒಂದು ಹೊದಿಕೆ ಹಾಸಿಕೊಂಡು ಮಲಗಿದಳು. ಅಲ್ಲಿ ಅವಳಿಗೂ ಏನೂ ಕಚ್ಚಲಿಲ್ಲ, ದೊಡ್ಡಕ್ಕನಿಗೂ ಕಚ್ಚಲಿಲ್ಲ. ಬಿಸಿನೀರಿಗೆ ಹುಳ ಸತ್ತಿರಬೇಕು ಎಂದುಕೊಂಡು ಇನ್ನಷ್ಟು ಬಿಸಿನೀರು ಸುರಿದುಕೊಂಡಳು.

ಇತ್ತ ಬಾಲ್ಕನಿ ಪಕ್ಕದ ಕೋಣೆಗೆ ಮರಿಯ ಮೇಜು, ಕುರ್ಚಿ, ಹೊಸ ಹಾಸಿಗೆ ಬಂದವು. ಒಂದು ಮಧ್ಯಾಹ್ನ ಮರಿ ಕಿಟಕಿಯ ಬಳಿ ಓದುತ್ತ ಕೂತವಳು ಮುಂಗೈ ಪರಪರ ಕೆರೆದುಕೊಂಡಳು. ಪುಸ್ತಕದ ಬಿಳಿ ಹಾಳೆಯ ಮೇಲೆ ಒಂದು ಚುಕ್ಕೆ ಕಂಡಿತು. ಅಕ್ಷರದ್ದೇ ಚುಕ್ಕೆ ಇರಬೇಕೆಂದು ನೋಡಿದರೆ ಅದು ನಡೆಯುತ್ತಿತ್ತು.

“ಅಜ್ಜೀ, ಇಲ್ಲಿ ಬಾ! ಈ ಚುಕ್ಕೆಗೆ ಕಾಲಿದೆ!”

ಅಮ್ಮ ಕನ್ನಡಕ ಹಾಕಿಕೊಂಡು ಬಂದಳು. ಬೆರಳಿನಿಂದ ಒತ್ತಿದಳು. ಹಾಳೆಯ ಮೇಲೆ ಕೂದಲೆಳೆಯಷ್ಟು ಕೆಂಪು ಗೀಟು ಮೂಡಿತು. ಅವಳು ಒಂದು ಬಿಳಿ ಬಟ್ಟೆ ಒದ್ದೆ ಮಾಡಿಕೊಂಡು ಬಂದು ಕಿಟಕಿಯ ಅಂಚನ್ನು ಒರೆಸಿದಳು. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಬೂದು ಬಣ್ಣದ ಪುಡಿ ಅದರ ಮೇಲೆ ಮೆಲ್ಲಗೆ ಹರಿದಾಡುತ್ತಿತ್ತು. ನಡುನಡುವೆ ಕೆಂಪು ಚುಕ್ಕೆಗಳು.

“ಕೋಳಿ ಹೇನು ಇದ್ದಂಗಿದೆ,” ಎಂದಳು ಅಮ್ಮ.

“ಮನೇಲಿ ಕೋಳಿ ಎಲ್ಲಿದೆ ಅಜ್ಜಿ?”

ಅಮ್ಮ ಬಾಲ್ಕನಿಯ ಬಾಗಿಲು ತೆರೆದಳು. ಕಿಟಕಿಗೆ ಒತ್ತಿದ ಹಾಗೆ ಕೆಟ್ಟುಹೋದ ಏರ್‌ಕೂಲರ್ ಒಂದು ನಿಂತಿತ್ತು. ಅದರ ಹಿಂದೆ ಕಡ್ಡಿ, ಗರಿ, ಹಿಕ್ಕೆ ಸೇರಿ ಗಟ್ಟಿಯಾದ ದೊಡ್ಡ ಗೂಡು. ಅಪ್ಪ ಹಾಕುತ್ತಿದ್ದ ಕಾಳು ತಿಂದು ಬೆಳೆದ ಪಾರಿವಾಳದ ಮರಿಗಳು ಹಾರಿಹೋಗಿ ಗೂಡು ಬರಿದಾಗಿತ್ತು. ಬರಿದು ಎಂದರೆ ಹಕ್ಕಿಗಳಿಂದ ಬರಿದು. ಅಮ್ಮ ಕಡ್ಡಿಯಿಂದ ಕೆದಕಿದಾಗ ಗೂಡಿಗೆ ಗೂಡೇ ಹುಳಗಳಿಂದ ಗಿಜಿಗುಟ್ಟಿತು. ಅಲ್ಲಿಂದ ಗೋಡೆಯ ಬಿರುಕು ಹಿಡಿದು ಒಂದು ಸಾಲು ಕಿಟಕಿಯತ್ತ, ಇನ್ನೊಂದು ಸಾಲು ಕೊಳವೆಯ ಗುಂಟ ಕೆಳಗಿನ ಮನೆಯತ್ತ.

ಅಮ್ಮನ ತಾಯಿ ಕೋಳಿ ಸಾಕಿದ್ದವಳು. ಅಮ್ಮನಿಗೆ ಆ ಹುಳದ ಬುದ್ಧಿ ಗೊತ್ತಿತ್ತು. ಗೂಡಿನಲ್ಲಿ ಹಕ್ಕಿಮರಿ ಇರುವ ತನಕ ಅದರ ರಕ್ತ ಕುಡಿದುಕೊಂಡು ಅಲ್ಲೇ ಇರುತ್ತದೆ. ಹಕ್ಕಿ ಹಾರಿಹೋದ ಮೇಲೆ ಹಸಿವು ತಡೆಯದೆ ಮನುಷ್ಯರನ್ನು ಹುಡುಕಿಕೊಂಡು ಒಳಗೆ ಬರುತ್ತದೆ. ಮನುಷ್ಯರ ಮೈಮೇಲೆ ಮನೆ ಮಾಡುವುದಿಲ್ಲ. ಬಟ್ಟೆ, ಬ್ಯಾಗಿನಲ್ಲಿ ಲಾಡ್ಜಿಗೆ ಹೋಗಿ ಬರುವ ಹುಳವೇ ಅಲ್ಲ ಅದು.

ಸಂಜೆ ಅಣ್ಣ ಬಂದ ಮೇಲೆ ಅಮ್ಮ ಅಡುಗೆಮನೆಯಲ್ಲಿ ಅವನಿಗೂ ಅತ್ತಿಗೆಗೂ ಎಲ್ಲವನ್ನೂ ಹೇಳಿದಳು. ಅಪ್ಪ ಹಾಲಿನಲ್ಲಿ ತೂಕಡಿಸುತ್ತಿದ್ದರು.

“ಪುಟ್ಟಿಗೆ ಫೋನ್ ಮಾಡೋ. ಪಾಪ, ಅವಳದೇನೂ ತಪ್ಪಿಲ್ಲ.”

ಅಣ್ಣ ಹೋಗಿ ಗೂಡು ನೋಡಿಕೊಂಡು ಬಂದ. ಗ್ಯಾಸಿನ ಕಟ್ಟೆಗೆ ಒರಗಿ ನಿಂತ.

“ಅವಸರ ಯಾಕಮ್ಮ? ಮೊದ್ಲು ಗೂಡು ತೆಗೆಸ್ತೀನಿ.”

“ತೆಗೆಸು. ಅವಳಿಗೂ ಹೇಳು.”

“ಹೇಳಿದ್ರೆ ಬಂದುಬಿಡ್ತಾಳೆ,” ಎಂದಳು ಅತ್ತಿಗೆ. “ಮರಿ ಪರೀಕ್ಷೆ ಹತ್ರ ಇದೆ. ಈಗ ತಾನೇ ಆ ಮಗು ಒಂದು ಕಡೆ ನೆಮ್ಮದಿಯಾಗಿ ಕೂತು ಓದ್ತಿದೆ.”

“ಅದೊಂದೇ ಅಲ್ಲಮ್ಮ,” ಎಂದ ಅಣ್ಣ, ದನಿ ತಗ್ಗಿಸಿ. “ಪಾರಿವಾಳಕ್ಕೆ ಕಾಳು ಹಾಕ್ಬೇಡಿ ಅಂತ ಕಟ್ಟಡದ ಸಂಘದವ್ರು ಅಪ್ಪಂಗೆ ಎಷ್ಟು ಸಲ ಹೇಳಿದಾರೆ, ನಿಂಗೆ ಗೊತ್ತಲ್ಲ. ಈಗ ಪಾರಿವಾಳದ ಹುಳ ಕೆಳಗಿನ ಮನೆ ಮಗೂಗೂ ಕಚ್ಚಿದೆ, ಅವ್ರು ಹಾಸಿಗೆ ಎಸೆದಿದ್ದಾರೆ ಅಂತ ಗೊತ್ತಾದ್ರೆ ಅಪ್ಪನ್ನ ಸುಮ್ನೆ ಬಿಡ್ತಾರಾ? ಈ ವಯಸ್ಸಲ್ಲಿ ಅವ್ರಿಗೆ ಮೆಟ್ಟಿಲ ಮೇಲೆ ಬೈಸ್ಬೇಕಾ? ಪುಟ್ಟಿ ಹೇಗೂ ಹೋಗಿದ್ದಾಳೆ. ಆದ ಮಾತು ಆಗಿಹೋಯ್ತು.”

ಅಮ್ಮ ಒಲೆಯ ಮೇಲಿನ ಬೇಳೆಯನ್ನು ಕದಡಿದಳು. ಉರಿ ಸಣ್ಣ ಮಾಡಿದಳು. ಮಗ ಗಂಡನ ಹೆಸರು ಹಿಡಿದು ಬಾಯಿ ಕಟ್ಟಿದ್ದ. ಅವಳು ಕಟ್ಟಿಸಿಕೊಂಡಳು.

ಮಾರನೆಯ ದಿನ ಆಳು ಬಂದು ಗೂಡು ಕಿತ್ತು, ಕೂಲರ್ ಹೊತ್ತುಕೊಂಡು ಹೋದ. ಗೋಡೆ, ಕಿಟಕಿಯನ್ನು ಸೋಪಿನ ಬಿಸಿನೀರಿನಲ್ಲಿ ಉಜ್ಜಿ, ಬಿರುಕಿಗೆ ಸಿಮೆಂಟು ಮೆತ್ತಿ, ಬಾಲ್ಕನಿಗೆ ಬಲೆ ಕಟ್ಟಿದ. “ಸಂಘದವ್ರ ಆರ್ಡರ್,” ಎಂದು ಮನೆಯವರು ಅಪ್ಪನಿಗೆ ಹೇಳಿದರು. ಅಪ್ಪ ಎರಡು ಹೊತ್ತು ಊಟ ಬಿಟ್ಟು ಮುನಿಸಿಕೊಂಡರು. ಕೆಲವೇ ದಿನಗಳಲ್ಲಿ ಮೇಲೂ ಕೆಳಗೂ ಕಚ್ಚುವುದು ನಿಂತಿತು.

ಇಷ್ಟಕ್ಕೇ ಬಿಟ್ಟಿದ್ದರೂ ಒಂದು ಮಾತಿತ್ತು. ಆದರೆ ಅತ್ತಿಗೆ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ, “ನೋಡಿ, ಅವಳು ಹೋದ ಮೇಲೆ ಒಂದು ಹುಳ ಇಲ್ಲ. ಮನೆ ಎಷ್ಟು ಹಗುರ ಆಗಿದೆ,” ಎಂದು ಹೇಳತೊಡಗಿದಳು. ಅಮ್ಮ ಬಾಗಿಲ ಹಿಂದೆ ನಿಂತು ಒಂದು ಸಲ ಅದನ್ನು ಕೇಳಿಸಿಕೊಂಡಳು. ಒಳಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಪರೀಕ್ಷೆ ಮುಗಿದ ದಿನ ಮರಿ ಕಾಲೇಜಿನಿಂದ ನೇರವಾಗಿ ಲಾಡ್ಜಿಗೆ ಹೋದಳು. ಪುಟ್ಟತ್ತೆಯನ್ನು ನೋಡಿ ಬಹಳ ದಿನವಾಗಿತ್ತು. ಹಿಂಬಾಗಿಲಿನಿಂದ ನೆಲಮಾಳಿಗೆಗೆ ಇಳಿದರೆ ಪುಟ್ಟಿ ಹೊದಿಕೆ ಹಿಂಡುತ್ತಿದ್ದಳು. ಮರಿಯನ್ನು ಕಂಡು ಮುಖ ಅರಳಿತು. ತಬ್ಬಿಕೊಳ್ಳಲು ಮರಿ ಮುಂದೆ ಬಂದಾಗ ಮಾತ್ರ ಹಿಂದೆ ಸರಿದಳು.

“ಬೇಡ ಮರಿ. ದೂರ ನಿಂತ್ಕೋ. ಇನ್ನೂ ಇದ್ರೆ ನಿಂಗೆ ಹತ್ತೀತು.”

“ಏನು ಹತ್ತುತ್ತೆ?”

“ಹುಳ.”

ಮರಿ ಕಣ್ಣರಳಿಸಿದಳು. “ಪುಟ್ಟತ್ತೆ, ಅದು ಪಾರಿವಾಳದ ಹುಳ ಅಲ್ವಾ? ಗೂಡು ತೆಗೆಸಿ ಆಗ್ಲೇ ಎಷ್ಟು ದಿನ ಆಯ್ತು. ಅಜ್ಜಿನೇ ಕಂಡುಹಿಡಿದಿದ್ದು. ನಿಂಗೆ ಯಾರೂ ಹೇಳಿಲ್ವಾ?”

ಪುಟ್ಟಿಯ ಕೈಯಲ್ಲಿದ್ದ ಹೊದಿಕೆಯಿಂದ ನೀರು ಸುರಿಯುತ್ತಿತ್ತು. “ಮತ್ತೊಂದು ಸಲ ಹೇಳು,” ಎಂದಳು. ಮರಿ ಮತ್ತೊಂದು ಸಲ ಹೇಳಿದಳು. ಪುಸ್ತಕದ ಮೇಲಿನ ಚುಕ್ಕೆಯಿಂದ ಹಿಡಿದು ಬಾಲ್ಕನಿಗೆ ಬಲೆ ಕಟ್ಟಿದ್ದರ ತನಕ. ಹೇಳುತ್ತ ಹೇಳುತ್ತ ಪುಟ್ಟತ್ತೆಯ ಅಂಗೈ ಕಂಡು ಅವಳ ಮಾತು ನಿಂತಿತು.

“ಅಜ್ಜಿಗೆ ಗೊತ್ತು. ನಿಮ್ಮಪ್ಪಂಗೆ?”

“ಎಲ್ರಿಗೂ ಗೊತ್ತು. ತಾತಂಗೆ ಮಾತ್ರ ಹೇಳ್ಬೇಡ ಅಂದ್ರು.”

“ನಂಗೆ?”

“ಅಪ್ಪ ಹೇಳ್ತೀನಿ ಅಂದ್ರು,” ಎಂದು ಮರಿ ಅಳತೊಡಗಿದಳು.

ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಪುಟ್ಟಿ ಬಂದಳು. ಬ್ಯಾಗನ್ನು ಮೆಟ್ಟಿಲ ಹತ್ತಿರ ಬಿಡಲಿಲ್ಲ. ಒಳಗೆ ತಂದು ಸೋಫಾದ ನಡುವೆ ಇಟ್ಟು, ಪಕ್ಕದಲ್ಲಿ ತಾನೂ ಕೂತಳು.

“ಬಾ ಪುಟ್ಟಿ, ಊಟ ಮಾಡು,” ಎಂದ ಅಣ್ಣ.

“ಯಾವ ತಟ್ಟೆಯಲ್ಲಿ?”

ಅತ್ತಿಗೆ ಸಾರಿನ ಪಾತ್ರೆಯ ಮುಚ್ಚಳ ಸರಿಮಾಡಿದಳು.

“ಗೂಡು ತೆಗೆಸಿದ್ರಂತೆ. ಹುಳ ಹೋಯ್ತಂತೆ. ಒಳ್ಳೇದಾಯ್ತು. ನಂಗೊಂದು ಮಾತು ಹೇಳೋಕೆ ನಿಮ್ಮಲ್ಲಿ ಒಬ್ರಿಗೂ ನಾಲಿಗೆ ಇರ್ಲಿಲ್ವಾ?”

“ಹೇಳೋಣ ಅಂತಾನೇ ಇದ್ದೆ,” ಎಂದ ಅಣ್ಣ. “ಸಮಯ ಬರ್ಲಿಲ್ಲ.”

“ಸಮಯ! ಹಾಸಿಗೆ ಬೀದಿಗೆ ಎಸೆಯೋಕೆ ಸಮಯ ಇತ್ತು. ಮೆಟ್ಟಿಲ ಮೇಲೆ ನಿಂತು ಊರಿಗೆಲ್ಲ ಸಾರೋಕೆ ಸಮಯ ಇತ್ತು. ಬಾಗಿಲ ಹತ್ರ ನಾಯಿ ಮಲಗ್ದಂಗೆ ಮಲಗಿದ್ದೀನಿ ಕಣೋ ನಾನು, ಇನ್ನೊಬ್ರಿಗೆ ಹತ್ತಬಾರ್ದು ಅಂತ! ನೋಡು ಈ ಕೈ!”

“ಕೂಗ್ಬೇಡ ಪುಟ್ಟಿ. ಅಕ್ಕಪಕ್ಕದವ್ರು ಕೇಳಿಸ್ಕೋತಾರೆ,” ಎಂದಳು ಅತ್ತಿಗೆ.

“ಕೇಳಿಸ್ಕೊಳ್ಳಿ ಅಂತಾನೇ ಕೂಗ್ತಿರೋದು ಅತ್ತಿಗೆ. ನೀವು ಹೇಳಿದ್ದು ಕೇಳಿಸ್ಕೊಂಡೋರು ಇದನ್ನೂ ಕೇಳಿಸ್ಕೊಳ್ಳಿ.”

“ಈಗ ಏನಾಗ್ಬೇಕು ನಿಂಗೆ? ಕೋಣೆ ಬೇಕಾ?” ಎಂದ ಅಣ್ಣ.

“ನಿನ್ನ ಕೋಣೆ ನೀನೇ ಇಟ್ಕೋ. ಲಾಡ್ಜಿಗೆ ಬಂದು ಮ್ಯಾನೇಜರ್ ಹತ್ರ ಹೇಳು, ನಮ್ಮ ತಂಗಿ ತಂದಿದ್ದಲ್ಲ ಅಂತ. ಅತ್ತಿಗೆ ಕೆಳಗೆ ಹೋಗಿ ಆ ಮನೆಯವ್ರಿಗೆ ಹೇಳ್ಲಿ.”

“ಮನೆ ವಿಷಯ ಬಜಾರಿಗೆ ತರ್ಬೇಕಾ? ಅಪ್ಪನ ಮೇಲೆ ಬೀಳ್ತಾರೆ ಕಟ್ಟಡದವ್ರೆಲ್ಲ. ಅವ್ರ ಮುಖ ನೋಡಿಯಾದ್ರೂ ಸುಮ್ನಿರು.”

ಅಪ್ಪ ಅಷ್ಟು ಹೊತ್ತೂ ಒಬ್ಬೊಬ್ಬರ ಬಾಯನ್ನೇ ನೋಡುತ್ತಿದ್ದರು. “ನನ್ನ ಮುಖಕ್ಕೇನಾಯ್ತು?” ಎಂದರು.

ಮರಿ ಹೇಳಿದಳು. ಅಣ್ಣ ಕಣ್ಣು ಬಿಟ್ಟರೂ ನಿಲ್ಲಿಸದೆ ಹೇಳಿದಳು. ಅಪ್ಪನ ಕೈಯಲ್ಲಿದ್ದ ತುತ್ತು ತಟ್ಟೆಗೆ ಇಳಿಯಿತು.

“ಕಾಳು ಹಾಕ್ದವನು ನಾನು,” ಎಂದರು ಅಪ್ಪ. “ಮನೆ ಬಿಟ್ಟವಳು ಅವಳಾ?” ಅಮ್ಮನ ಕಡೆ ತಿರುಗಿದರು. “ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು,” ಎಂದಳು ಅಮ್ಮ.

“ಗೊತ್ತಿದ್ದೂ ನನ್ನ ಹೆಸರಲ್ಲಿ ಬಾಯಿ ಮುಚ್ಕೊಂಡ್ರಾ? ನಾನು ಕೇಳಿದ್ನಾ ನಿಮ್ಮನ್ನ, ನನ್ನ ಕಾಪಾಡಿ ಅಂತ?” ಅಪ್ಪ ಎದ್ದರು, ಮಂಡಿ ಹಿಡಿದುಕೊಂಡಿತು. ಗೋಡೆಗೆ ಕೈ ಕೊಟ್ಟು ನಿಂತು ಮಗನಿಗೆ, “ಥೂ,” ಎಂದರು.

ಅಮ್ಮ ಕೈ ತೊಳೆದುಕೊಂಡಳು. ಸೀರೆಯ ಸೆರಗಿಗೆ ಕೈ ಒರೆಸುತ್ತ ಬಾಗಿಲು ತೆಗೆದು ಹೊರಗೆ ನಡೆದಳು. “ಅತ್ತೆ, ಎಲ್ಲಿಗೆ?” ಎಂದು ಅತ್ತಿಗೆ ಹಿಂದೆಯೇ ಓಡಿದಳು. ಪುಟ್ಟಿ, ಮರಿ ಇಬ್ಬರೂ ಮೆಟ್ಟಿಲಿಗೆ ಬಂದರು. ಅಮ್ಮ ಆಗಲೇ ಕೆಳಗಿಳಿದು ಕೆಳಗಿನ ಮನೆಯ ಬಾಗಿಲು ತಟ್ಟುತ್ತಿದ್ದಳು. ಆ ಮನೆಯಾಕೆ ಮಗುವನ್ನು ಎತ್ತಿಕೊಂಡು ಬಾಗಿಲು ತೆರೆದಳು.

“ನಿಮ್ಮ ಮಗೂಗೆ ಕಚ್ಚಿದ್ದು ತಿಗಣೆ ಅಲ್ಲಮ್ಮ,” ಎಂದಳು ಅಮ್ಮ. “ನಮ್ಮ ಬಾಲ್ಕನಿಲಿ ಪಾರಿವಾಳ ಗೂಡು ಕಟ್ಟಿತ್ತು. ಅದರ ಹುಳ. ನನ್ನ ಮಗಳು ತಂದಿದ್ದಲ್ಲ.”

“ಹೌದಾ? ನಾವು ಹಾಸಿಗೆ ಎಸೆದ್ವಲ್ಲ! ಯಾವಾಗ ಗೊತ್ತಾಯ್ತು ನಿಮಗೆ?”

“ಅತ್ತೆ, ಸಾಕು ಬನ್ನಿ ಮೇಲೆ,” ಎಂದು ಅತ್ತಿಗೆ ಮೆಟ್ಟಿಲಿನಿಂದ ಕೂಗಿದಳು.

“ಗೊತ್ತಾಗಿ ವಾರಗಳೇ ಆಯ್ತು,” ಎಂದಳು ಅಮ್ಮ. “ಗೊತ್ತಿದ್ದೂ ಹೇಳ್ಲಿಲ್ಲ. ಇವಳು ಹೇಳ್ಲಿಲ್ಲ, ನನ್ನ ಮಗ ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ನಮ್ಮ ಮಗೂನೇ ಕಳ್ಳಿ ಮಾಡಿ ಕೂರಿಸಿದ್ವಿ.”

ಕೆಳಗಿನ ಮನೆಯಾಕೆಗೆ ಸಿಟ್ಟು ಬಂತು. ಬರಬೇಕಾದದ್ದೇ. ಹಾಸಿಗೆಯದು, ಗೊಂಬೆಯದು, ಮಗು ಅತ್ತದ್ದು ಎಲ್ಲವನ್ನೂ ಎತ್ತಿ ಆಡಿದಳು. ಅಮ್ಮ ತಲೆ ತಗ್ಗಿಸದೆ ಕೇಳಿಸಿಕೊಂಡು, “ನಿಮ್ಮ ಮಾತು ಸರಿ,” ಎಂದು ಎದುರು ಮನೆಯ ಬಾಗಿಲು ತಟ್ಟಿದಳು. ಅಲ್ಲೂ ಅದನ್ನೇ ಹೇಳಿದಳು. ಮೆಟ್ಟಿಲು ಹತ್ತಿ ಮೇಲಿನ ಮಹಡಿಗೆ ಹೋದಳು. ಅತ್ತಿಗೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಣ್ಣ ಹೊರಗೆ ಬರಲೇ ಇಲ್ಲ.

“ಸಾಕಮ್ಮ,” ಎಂದಳು ಪುಟ್ಟಿ. ಅಮ್ಮನಿಗೆ ಏದುಸಿರು ಬರುತ್ತಿತ್ತು.

“ನೀ ಸುಮ್ನಿರು. ನಿಮ್ಮತ್ತಿಗೆ ಹೇಳ್ದಾಗ ಯಾವ ಮನೆಯನ್ನೂ ಬಿಟ್ಟಿಲ್ಲ.”

ಕೊನೆಯ ಮನೆಯೂ ಆದ ಮೇಲೆ ಕೆಳಗಿಳಿದು ಬಂದು, ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಂಡು, “ನಿನ್ನ ಲಾಡ್ಜು ಎಷ್ಟು ದೂರ?” ಎಂದು ಕೇಳಿದಳು.

ಮ್ಯಾನೇಜರ್ ಬಿಲ್ಲು ಬರೆಯುತ್ತಿದ್ದ. ಅಮ್ಮ ಕಟ್ಟೆಗೆ ಕೈಯೂರಿ ನಿಂತು, ಮನೆ ಮನೆಯಲ್ಲಿ ಹೇಳಿದ್ದನ್ನೇ ಇಲ್ಲೂ ಹೇಳಿದಳು.

“ಸರಿ ಅಜ್ಜಿ, ಕೂತ್ಕೊಳ್ಳಿ.”

“ನಾನು ಕೂರೋಕೆ ಬಂದಿಲ್ಲ. ಇವಳನ್ನ ಯಾವಾಗ ಮೇಲೆ ಹತ್ತಿಸ್ತೀರಿ, ಅದು ಹೇಳಿ.”

ಅವನು ಪುಟ್ಟಿಯ ಕೈ ನೋಡಿದ, ಅಲ್ಲಿ ಕಾಯುತ್ತಿದ್ದ ಗಿರಾಕಿಗಳನ್ನು ನೋಡಿದ. “ನಾಳೆಯಿಂದ ಮೇಲೆ ಹೋಗಿ,” ಎಂದು ಬಿಲ್ಲಿಗೆ ಮರಳಿದ. ತಪ್ಪಾಯಿತು ಎಂದು ಅವನೂ ಹೇಳಲಿಲ್ಲ. ಪುಟ್ಟಿ ಅದನ್ನು ಮರೆಯಲಿಲ್ಲ.

ಹೊರಗೆ ಬಿಸಿಲು ಇಳಿದಿತ್ತು. ಬಸ್ಸುಗಳು ಹೊಗೆ ಕಕ್ಕುತ್ತ ನಿಲ್ದಾಣದಿಂದ ಹೊರಬೀಳುತ್ತಿದ್ದವು. ರಸ್ತೆ ದಾಟಲು ಅಮ್ಮ ಮಗಳ ಕೈ ಹಿಡಿದಳು. ಸುಲಿದ ಅಂಗೈ ತಗುಲಿ ಹಿಡಿತ ಸಡಿಲ ಮಾಡಿ, ಮಣಿಕಟ್ಟು ಹಿಡಿದುಕೊಂಡಳು. ಆಚೆ ಬದಿಗೆ ಬಂದ ಮೇಲೆ ಬಸ್ಸಿಗೆ ಕಾಯುತ್ತ ನಿಂತರು.

“ಮನೆಗೆ ಬರ್ತೀಯಾ?” ಎಂದಳು ಅಮ್ಮ.

“ಇಲ್ಲಮ್ಮ.”

ಅಮ್ಮ ತಲೆಯಾಡಿಸಿದಳು. ಬಸ್ಸು ಬರುವ ದಿಕ್ಕನ್ನೇ ನೋಡುತ್ತ, “ನಿನ್ನ ಜಾಗದಲ್ಲಿ ನಾನಿದ್ದಿದ್ರೂ ಬರ್ತಿರ್ಲಿಲ್ಲ,” ಎಂದಳು.